ನಾಲ್ಕನೇ ಸಾಲಿನ ಉಸಿರು

ಬೆನೊಲಿಂ ಬೀಚಿನ ಶ್ಯಾಕಿನೊಳಗ
ಹನ್ನೊಂದು ವರ್ಷ ಆತು, ಮಿಕ್ಸರಿನ ಹಿಂದ ನಿಂತೇನಿ.
ಇಂಗ್ಲಿಷು ನನಗ ಬರೂದು ಅಷ್ಟಕ್ಕಷ್ಟ:
ಗೇನು, ಟ್ರೆಬಲ್ಲು, ಬೇಸು, ಮ್ಯೂಟು.
ಆದರ ಆ ಒಂದು ಹಾಡು
ಯಾವ ಬ್ಯಾಂಡು ಬರಲಿ, ಯಾವ ಸೀಸನ್ನಿರಲಿ
ಒಂಬತ್ತೂವರಿಗೆ ಬಂದು ಕುಂಡ್ರತೈತಿ
ಕರೀದನ ಬಂದ ಬೀಗರಂಗ.

ಹುಟ್ಟಿದ್ದು ಎಪ್ಪತ್ತಾರರಾಗಂತ. ನಾನೂ ಅದ ವರ್ಷದವ.
ಕೆನಡಾದವನೋ ಯಾವನೋ ಒಬ್ಬ
ಗಿಟಾರು ತೊಡಿ ಮ್ಯಾಲೆ ಇಟಗೊಂಡು
ಮಲಗಿದ ಕೂಸು ಏಳಬಾರದು ಅನ್ನೂ ಹಂಗ ಹಾಡಿದ್ನಂತ.
ಇದಕ್ಕ ಸಾಫ್ಟ್ ರಾಕ್ ಅಂತಾರ.
ರಾಕ್ ಅಂದ್ರ ಕಲ್ಲು, ಸಾಫ್ಟ್ ಅಂದ್ರ ಮೆತ್ತಗ.
ಮೆತ್ತನ್ನ ಕಲ್ಲು ನನಗ ಗೊತ್ತೈತಿ,
ಲಕ್ಕುಂಡಿಯವ ನಾನು,
ಬಳಪದ ಕಲ್ಲಿನ ಕಂಬಕ್ಕ ಬೆನ್ನು ಕೊಟ್ಟು ಮಗ್ಗಿ ಕಲಿತವ.
ಆ ಕಲ್ಲಿನ ಗುಣ ಅದು:
ಉಳಿ ಹಿಡಿದವರಿಗೆಲ್ಲಾ ಒಲೀತೈತಿ.

ಆಲ್ಡ್ರಿನ್ ಹಾಡಿದರ
ಹಾಡಿನ ತಲಿಗೆ ಎಣ್ಣಿ, ಬೈತಲಿ, ಸೆಂಟು.
ರಷ್ಯಾದ ಅಕ್ಕ ತಂಗಿ ಇಬ್ಬರು
ಒಂದು ಡಿಸೆಂಬರ್ ಅದನ್ನ ಜೋಗುಳ ಮಾಡಿ ಹೋದರು.
ಮಡಗಾಂವ ಮದವಿಯೊಳಗ ಬ್ರಾಸಿನವರು
ವರನ ಅಜ್ಜಿ ಕುಣೀಲಿ ಅಂತ ಅದಕ್ಕ ಓಡೂದು ಕಲಿಸಿದರು.
ಅಂಜುಣದ ಡೀಜೆ ಮಾತೆಲ್ಲಾ ಕಿತ್ತು ಒಗದು
ಬರೇ ಎದಿಬಡಿತ ಉಳಿಸಿದ.
ತಿಯಾತ್ರಿನಾಗ ಅದ ಧಾಟಿಗೆ
ಅದಿರಿನ ಲಾರಿ, ಪಂಚಾಯ್ತಿ, ಬಂಗಡಿ ಮೀನಿನ ರೇಟು.
ನಾನೂ ಬಿಟ್ಟಿಲ್ಲ: ಮೈಕ್ ಚೆಕ್ ಮಾಡೂವಾಗ
ಒಂದು... ಎರಡು... ಒಂದು... ಎರಡು...
ಅದ ರಾಗದಾಗ ಬರತೈತಿ, ಏನ ಮಾಡೂದು?

ಅರ್ಥ ಏನಂತ ಕೇಳೇನಿ.
ಹೆಂಡತಿ ಬಿಟ್ಟು ಹೋದಳು, ಅಂದ ಆಲ್ಡ್ರಿನ್.
ಹೋದವ ಗಂಡಸು, ಅಂದಳು ಸೆರಾಫಿನಾ, ಸಿಗಡಿ ಸುಲಕೋತ.
ಡೀಜೆ ಅಂದ: ಅರ್ಥನಾ? ನಿಮಿಷಕ್ಕ ನೂರಾಇಪ್ಪತ್ತು.

ಪ್ಲಾಸಿದ್ ಅಂಕಲ್ ಒಬ್ಬ ಏನೂ ಹೇಳಲಿಲ್ಲ.
ಹಡಗಿನ ಬ್ಯಾಂಡಿನಾಗ ಮೂವತ್ತು ವರ್ಷ ಇದ್ದವ,
ತನ್ನ ಕ್ಯಾಸೆಟ್ಟು ತಂದು, ಹೆಡ್‌ಫೋನ್ ನನ್ನ ಕಿವಿಗಿಟ್ಟ.
ಮೂಲ ಹಾಡು ಅವತ್ತ ಮೊದಲ ಸಲ ಕೇಳಿದೆ.
ನಾಲ್ಕನೇ ಸಾಲಿಗಿಂತ ಮುಂದ
ಆ ಮನಷ್ಯಾ ಉಸಿರು ತಗೋತಾನ.
ಕುರ್ಚಿನೂ ಒಂದೀಟು ಕಿರ್ ಅಂತೈತಿ.
ಯಾರೋ ಅಳಸೂದು ಮರತಾರ.
ಉಳದವರೆಲ್ಲಾ ಆ ಜಾಗಾದಾಗ
ಗಿಟಾರು ತುರುಕತಾರ, ಇಲ್ಲಾ ಜಿಗದು ಹೋಗತಾರ,
ಮಳಿ ನೀರಿನ ತೆಗ್ಗು ದಾಟಿದಂಗ.
ಪ್ಲಾಸಿದ್ ಅಷ್ಟ ಅಲ್ಲಿ ನಿಲ್ಲತಾನ.
ಅಲ್ಲಿ ನಾನು ಫೇಡರು ಎರಡು ಗೆರಿ ಮ್ಯಾಲೆ ಒಯ್ಯತೇನಿ.
ಇದು ಯಾರಿಗೂ ಗೊತ್ತಿಲ್ಲ.
ನನ್ನ ಹಾಡಿಕಿ ಇಷ್ಟ.

ಹೋದ ಮೇ ತಿಂಗಳು ಶ್ಯಾಕು ಬಿಚ್ಚೂ ಹಿಂದಿನ ರಾತ್ರಿ
ಕೇಳಾಕ ಇದ್ದವರು ಒಂದು ನಾಯಿ,
ಕುರ್ಚಿ ಒಂದರ ಮ್ಯಾಲೊಂದು ಒಟ್ಟತಿದ್ದ ಹುಡುಗ, ನಾನು.
ಪ್ಲಾಸಿದ್ ಆ ಜಾಗಾಕ್ಕ ಬಂದ. ಉಸಿರು ತಗೊಂಡ.
ಮುಂದಿನ ಮಾತು ಬರಲಿಲ್ಲ.
ಫೇಡರಿನ ಮ್ಯಾಲೆ ನನ್ನ ಬೆರಳು.
ತೆರೆದ ಮೈಕಿನಾಗ ಸಮುದ್ರ ಬಂತು,
ಜನರೇಟರ್ ಬಂತು, ನಾಯಿ ಕಿವಿ ಝಾಡಿಸಿದ್ದೂ ಬಂತು.
ಇಳಸಲಿಲ್ಲ ನಾನು.
ಆಮ್ಯಾಲೆ ನಕ್ಕು, "ಆಜ್ ಪುರೊ" ಅಂದು
ಪಟ್ಟಿ ಹೆಗಲಿಂದ ತಗದ.

ಝುವಾರಿನಗರಕ್ಕ ಬಂದಾಗ ನಸುಕು.
ನೀಲವ್ವ ಹೋಟೆಲ್ಲಿನ ಚಾದರ ಒಗಿಯಾಕ ಆರಕ್ಕ ಹೋಗಬೇಕು,
ರೊಟ್ಟಿ ಬಡಕೋತ ಮೂಗಿನಾಗ ಅದನ್ನ ಗುನಗತಿದ್ದಳು,
ಎಲ್ಲಿ ಕಲಿತಳೋ, ನನ್ನಿಂದನ ಇರಬೇಕು.
ಪದ ಇಲ್ಲ. ತಾಳ ಅಂಗೈದು.
ಮೂರು ಸಾಲು ಆತು,
ಹಂಚಿನ ಮ್ಯಾಲಿನ ರೊಟ್ಟಿ ತಿರುವಾಕ
ಆಕಿ ನಿಂತಳು, ಒಂದು ಉಸಿರು.

ನನ್ನ ಬೆರಳು ತಾನಾಗಿ ಮ್ಯಾಲೆ ಸರೀತು
ಕತ್ತಲಿಯೊಳಗ, ಎರಡು ಗೆರಿ.